ಮಡಿಕೆ ಬೀಳದ ನೋಟಿನ ಮಡಿವಂತಿಕೆ

ಹಳೆಯ ನೋಟು ಸಂಗ್ರಹಿಸುವವರ ಲೋಕದಲ್ಲಿ ಮಡಿಕೆಯೇ ಮಹಾಪಾಪ. ನಡುವೆ ಒಂದು ಗೆರೆ ಬಿದ್ದರೆ ಬೆಲೆ ಇಳಿಯಿತು, ಮೂಲೆ ಸವೆದಿದ್ದರೆ ಇನ್ನಷ್ಟು. 70 ಅಂಕಗಳ ಮಾಪನದ ತುದಿ, ಪ್ಲಾಸ್ಟಿಕ್ ಕವಚದ ವೈಭವ ಎಲ್ಲವೂ ಯಾರ ಕೈಯೂ ಮುಟ್ಟದ ನೋಟಿಗೆ. ಎರಡು ಮಹಾಯುದ್ಧಗಳ ನಡುವಿನ ಜರ್ಮನ್ ನೋಟುಗಳಿಗೂ ಇದೇ ಮಡಿವಂತಿಕೆಯನ್ನು ಅಂಟಿಸುವುದು ಶುದ್ಧ ಅಸಂಬದ್ಧ.

1922ರ ಡಿಸೆಂಬರ್ 15ರ ದಿನಾಂಕ ಹೊತ್ತ ಸಾವಿರ ಮಾರ್ಕಿನ ನೋಟನ್ನೇ ನೋಡಿ. 1923ರ ಸೆಪ್ಟೆಂಬರಿನಲ್ಲಿ ರೈಖ್ಸ್‌ಬ್ಯಾಂಕ್ ಅದರ ಮೇಲೆ ಕೆಂಪು ಶಾಯಿಯಲ್ಲಿ 'ಐನೆ ಮಿಲಿಯಾರ್ಡೆ ಮಾರ್ಕ್' ಎಂದು ಒತ್ತಿತು. ಸಾವಿರ ಹೋಗಿ ನೂರು ಕೋಟಿ! ನವೆಂಬರಿನ ಹೊತ್ತಿಗೆ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. (ಜರ್ಮನ್ನಿನ 'ಬಿಲಿಯೋನ್' ಅಂದರೆ ಲಕ್ಷ ಕೋಟಿ, ಇಂದಿನ ಇಂಗ್ಲಿಷಿನ ಬಿಲಿಯನ್ ಬರೀ ನೂರು ಕೋಟಿ. ಇಂಗ್ಲಿಷನ್ನು ಬಳಸಿಕೊಂಡು ಬರದೆ ನೇರ ಕನ್ನಡದಲ್ಲಿ ಎಣಿಸಿದರೆ ಈ ಗೊಂದಲವೇ ಇಲ್ಲ.) ಬೆಳಗಿನ ಕೂಲಿ ಸಂಜೆಯ ರೊಟ್ಟಿಗೆ ಸಾಲದ ಆ ತಿಂಗಳುಗಳಲ್ಲಿ ನೋಟನ್ನು ನಲುಗದಂತೆ ಕಾಪಾಡಿದವರು ಯಾರು? ಕೈಗೆ ಬಂದದ್ದನ್ನು ಹಿಡಿದು ಜನ ಅಂಗಡಿಗೆ ಓಡುತ್ತಿದ್ದರು. ಗರಿಗರಿಯಾಗಿ ಉಳಿದವುಗಳಲ್ಲಿ ಬಹಳಷ್ಟು, ಖರ್ಚಾಗುವ ಮೊದಲೇ ಬೆಲೆ ಸತ್ತ ಕಂತೆಗಳು. ಹಣವಾಗಿ ಬದುಕಿದ ನೋಟು ಸುಕ್ಕಾಗಿದೆ, ಜಿಡ್ಡಾಗಿದೆ. ಅವಸರದಲ್ಲಿ ಹಲವನ್ನು ಒಂದೇ ಬದಿಗೆ ಮುದ್ರಿಸಿದ್ದರಿಂದ ಖಾಲಿ ಬೆನ್ನಿನ ಮೇಲೆ ಯಾರೋ ಲೆಕ್ಕ ಗೀಚಿರಲೂಬಹುದು. ಸಂಗ್ರಾಹಕರ ಭಾಷೆಯಲ್ಲಿ ಅದು 'ದೋಷ'.

ಪುರಸಭೆಗಳು ಹೊರಡಿಸಿದ 'ನೋಟ್‌ಗೆಲ್ಡ್' ಕಥೆ ಇನ್ನೂ ತಮಾಷೆಯದು. ಚಿಲ್ಲರೆಯ ಅಭಾವಕ್ಕೆಂದು ಹುಟ್ಟಿದ ಈ ತುರ್ತುಹಣವನ್ನು 1920ರ ನಂತರ ಎಷ್ಟೋ ಊರುಗಳು ಬಣ್ಣಬಣ್ಣದ ಸರಣಿಗಳಾಗಿ ಅಚ್ಚು ಹಾಕಿ ಆಲ್ಬಂ ಇಡುವವರಿಗೇ ಮಾರಿದವು. ನೋಟು ಮರಳಿ ಬರದಿದ್ದರೆ ಊರಿಗೆ ಲಾಭ. ಬೀಲೆಫೆಲ್ಡ್ ರೇಷ್ಮೆಯ ಮೇಲೂ ಮುದ್ರಿಸಿತು. ಇವು ಇಂದಿಗೂ ಹೊಸದರಂತಿರುವುದರಲ್ಲಿ ಆಶ್ಚರ್ಯವೇನು? ಸಂತೆಗೆ ಹೋಗಿದ್ದರೆ ತಾನೆ ಕೊಳೆಯಾಗಲು!

ಚಿತ್ರ, ನೀರ್ಗುರುತು, ಅಕ್ಷರವಿನ್ಯಾಸ ಅಭ್ಯಾಸ ಮಾಡಲು ಸ್ವಚ್ಛ ಪ್ರತಿ ಬೇಕು ಎನ್ನುವ ವಾದ ಸರಿಯೇ. ಆದರೆ ಅದಕ್ಕೆ ಒಂದು ಪ್ರತಿ ಸಾಕು, ಇಡೀ ಮಾರುಕಟ್ಟೆ ಅದರ ಹಿಂದೆ ಓಡಬೇಕಿಲ್ಲ. ಓಡಿದ್ದರ ಫಲವೂ ಕಣ್ಣೆದುರಿಗಿದೆ: ನೋಟನ್ನು ತೊಳೆದು, ಒತ್ತಿ, ಮಡಿಕೆ ಮಾಯ ಮಾಡಿ ಮಾರುವವರು. ಪತ್ತೆಯಾದರೆ ಗ್ರೇಡಿಂಗ್ ಕಂಪನಿಗಳು ದರ್ಜೆ ಇಳಿಸುತ್ತವೆ, ನಿಜ. ಆದರೆ ತೊಳೆಯುವ ಆಸೆ ಹುಟ್ಟಿಸಿದ್ದೂ ಅವೇ ಅಂಕಪಟ್ಟಿಗಳು. ಹೀಗೆ ತೊಳೆದುಹೋದದ್ದರಲ್ಲಿ 1923ರ ಯಾವುದೋ ಗೃಹಿಣಿಯ ಪೆನ್ಸಿಲ್ ಲೆಕ್ಕವೂ ಇದ್ದೀತು. ಅದನ್ನು ಮತ್ತೆ ಮುದ್ರಿಸಲು ಯಾವ ಟಂಕಸಾಲೆಗೂ ಬರುವುದಿಲ್ಲ.