ಆಟಕ್ಕೊಂದು ಸುಂಕದ ಕಟ್ಟೆ

ಇಂಗ್ಲೆಂಡಿನ ಊರೂರಿನಲ್ಲಿಯೂ ಪಬ್ಬು ಎಂಬ ಹೆಸರಿನ ಪಾನಗೃಹಗಳಿರುವುದು ನಮ್ಮ ವಾಚಕರಿಗೆ ವಿದಿತವೇ ಇದೆ. ನಮ್ಮ ಹಳ್ಳಿಗಳಲ್ಲಿ ಅರಳಿಕಟ್ಟೆಯೂ ಪೇಟೆಗಳಲ್ಲಿ ಕಾಫಿ ಹೋಟೆಲೂ ಯಾವ ಕೆಲಸವನ್ನು ಮಾಡುತ್ತವೆಯೋ ಅಲ್ಲಿ ಆ ಕೆಲಸವನ್ನು ಪಬ್ಬು ಮಾಡುತ್ತದೆ. ದುಡಿದು ದಣಿದ ಜನರು ಅಲ್ಲಿ ಸೇರುತ್ತಾರೆ, ಊರಿನ ಸಮಾಚಾರವನ್ನಾಡುತ್ತಾರೆ, ಈಚಿನ ಮೂವತ್ತು ವರ್ಷಗಳಿಂದ ದೂರದರ್ಶನದ ತೆರೆಯ ಮೇಲೆ ಫುಟ್‌ಬಾಲ್ ಪಂದ್ಯವನ್ನು ಒಟ್ಟಾಗಿ ಕುಳಿತು ನೋಡುತ್ತಾರೆ. ಆ ಪಂದ್ಯವನ್ನು ತೋರಿಸುವುದಕ್ಕಾಗಿ ಪಬ್ಬಿನ ಯಜಮಾನನು ಪ್ರಸಾರದ ಕಂಪೆನಿಗಳಿಗೆ ತೆರಬೇಕಾದ ಹಣವು ಹೊರಲಾರದ ಭಾರವಾಗಿದೆಯೆಂಬ ಕೂಗು ಅಲ್ಲಿ ಬಹುಕಾಲದಿಂದ ಕೇಳಿಬರುತ್ತಿದೆ. ಪರದೇಶದ ಪಾನಗೃಹದ ಜಮಾಖರ್ಚು ನಮಗೇತಕ್ಕೆಂದು ಕೆಲವರು ಕೇಳಬಹುದು. ಪಾನನಿರೋಧದ ಪಕ್ಷವನ್ನು ನಾವು ಬಿಟ್ಟವರಲ್ಲ, ಬಿಡುವವರೂ ಅಲ್ಲ. ಆದರೆ ಇಲ್ಲಿ ನಾವು ವಿಚಾರಿಸಹೊರಟಿರುವುದು ಜನರ ಆಟಕ್ಕೆ ಬೇಲಿಯನ್ನು ಕಟ್ಟಿ ಬಾಗಿಲಿನಲ್ಲಿ ಹಣವನ್ನು ಎತ್ತುವ ಪದ್ಧತಿಯನ್ನು. ಆ ಪದ್ಧತಿಯು ಸಮುದ್ರವನ್ನು ದಾಟಿ ನಮ್ಮ ದೇಶದಲ್ಲಿಯೂ ನೆಲೆಯೂರಿದೆ.

ಹಿಂದೆ ನಮ್ಮ ಸೀಮೆಗಳಲ್ಲಿ ಸುಂಕದ ಕಟ್ಟೆಗಳನ್ನೂ ಹೆಂಡದ ಅಂಗಡಿಗಳನ್ನೂ ಹರಾಜಿನಲ್ಲಿ ಗುತ್ತಿಗೆಗೆ ಕೊಡುತ್ತಿದ್ದುದನ್ನು ಹಿರಿಯರು ಬಲ್ಲರು. ಹೆಚ್ಚಾಗಿ ಸವಾಲು ಕೂಗಿದವನಿಗೆ ಕಟ್ಟೆ ಸಲ್ಲುತ್ತಿತ್ತು. ಅವನು ಕೂಗಿದ ಹಣವನ್ನೂ ಅದರ ಮೇಲೆ ಲಾಭವನ್ನೂ ದಾರಿಹೋಕರಿಂದ ಎತ್ತಿಕೊಳ್ಳುತ್ತಿದ್ದನು. ಇಂಗ್ಲೆಂಡಿನ ಫುಟ್‌ಬಾಲ್ ಪ್ರಸಾರದ ಹಕ್ಕು ಇದೇ ಜಾತಿಯ ಗುತ್ತಿಗೆ. 1992ರಲ್ಲಿ ಪ್ರೀಮಿಯರ್ ಲೀಗ್ ಎಂಬ ಸಂಸ್ಥೆಯು ಹುಟ್ಟಿದಾಗ ಐದು ವರ್ಷಗಳ ಪ್ರಸಾರಕ್ಕೆ ಗೊತ್ತಾದ ಮೊತ್ತವು ಸುಮಾರು 30 ಕೋಟಿ ಪೌಂಡು. 2023ರಲ್ಲಿ ನಡೆದ ಹರಾಜಿನಲ್ಲಿ, 2025ರಿಂದ 2029ರ ವರೆಗಿನ ನಾಲ್ಕು ವರ್ಷಗಳಿಗೆ ಸ್ಕೈ ಮತ್ತು ಟಿಎನ್‌ಟಿ ಎಂಬ ಎರಡು ಕಂಪೆನಿಗಳು ಕೊಡಲೊಪ್ಪಿದ ಮೊತ್ತವು 670 ಕೋಟಿ ಪೌಂಡು. ವರ್ಷದ ಲೆಕ್ಕದಲ್ಲಿ ನೋಡಿದರೆ ಏರಿಕೆಯು ಇಪ್ಪತ್ತೈದು ಪಟ್ಟನ್ನು ಮೀರುತ್ತದೆ. ಆಟದ ಮೈದಾನವು ಹಿಂದಿನಷ್ಟೇ ಅಗಲವಾಗಿದೆ. ಆಡುವ ಹೊತ್ತು ಹಿಂದಿನಂತೆಯೇ ತೊಂಬತ್ತು ನಿಮಿಷ. ಏರಿದ ಹಣವು ಎಲ್ಲಿಂದಲಾದರೂ ಹುಟ್ಟಬೇಕಷ್ಟೆ. ಅದು ಮನೆಮನೆಯ ಚಂದಾದಾರನಿಂದಲೂ ಪಬ್ಬಿನ ಯಜಮಾನನಿಂದಲೂ ಹುಟ್ಟುತ್ತದೆ.

ಪಬ್ಬಿನವನಿಂದ ಹಣವನ್ನು ಗೊತ್ತುಮಾಡುವ ರೀತಿಯು ಗಮನಾರ್ಹವಾಗಿದೆ. ಮನೆಯಲ್ಲಿ ನೋಡುವವನಿಗೆ ಒಂದು ದರ, ಪಬ್ಬಿಗೆ ಬೇರೆಯ ದರ. ಎಷ್ಟು ಜನರು ನೋಡಿದರು, ಎಷ್ಟು ಪಂದ್ಯಗಳನ್ನು ತೋರಿಸಿದರು ಎಂಬುದನ್ನು ಎಣಿಸುವುದಕ್ಕೆ ಬದಲಾಗಿ, ತೆರಿಗೆಗಾಗಿ ಸರ್ಕಾರದವರು ಆ ಕಟ್ಟಡಕ್ಕೆ ಕಟ್ಟಿರುವ ಬೆಲೆಯನ್ನು ಮುಂದಿಟ್ಟುಕೊಂಡು ಸ್ಕೈ ಕಂಪೆನಿಯು ತನ್ನ ದರವನ್ನು ನಿರ್ಧರಿಸುತ್ತ ಬಂದಿದೆ. ಸರ್ಕಾರದ ಅಳತೆಗೋಲನ್ನು ಹಿಡಿದು ಖಾಸಗಿ ಕಂಪೆನಿಯೊಂದು ತನ್ನದೇ ಕಂದಾಯವನ್ನು ಎತ್ತುತ್ತಿದೆಯೆಂದರೆ ಅತಿಶಯೋಕ್ತಿಯಾಗಲಾರದು. ಹಣ ತೆತ್ತ ಪಬ್ಬಿನ ತೆರೆಯ ಮೂಲೆಯಲ್ಲಿ ಬಿಯರ್ ಲೋಟದ ಸಣ್ಣ ಚಿತ್ರವೊಂದು ಕಾಣಿಸಿಕೊಳ್ಳುತ್ತದೆ. ಆ ಚಿತ್ರವಿಲ್ಲದಿದ್ದರೆ, ಮನೆಯ ಚಂದಾದಿಂದ ಅಂಗಡಿಯಲ್ಲಿ ಆಟವನ್ನು ತೋರಿಸಲಾಗುತ್ತಿದೆಯೆಂದು ತನಿಖೆಗೆ ಬಂದವನು ಒಂದೇ ನೋಟದಲ್ಲಿ ತಿಳಿಯುತ್ತಾನೆ.

ಅಂಗಡಿಕಾರನ ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. 2011ರ ಸುಮಾರಿಗೆ ಸಾಧಾರಣ ಪಬ್ಬೊಂದು ತಿಂಗಳಿಗೆ 700 ಪೌಂಡು ಕೊಡಬೇಕಾಗಿತ್ತೆಂದು ವರದಿಯಾಗಿತ್ತು. ಒಂದು ಲೋಟಕ್ಕೆ ಒಂದು ಪೌಂಡು ಉಳಿಯುವುದೆಂದು ವಾದಕ್ಕಾಗಿ ಇಟ್ಟುಕೊಂಡರೆ, ಆಟವಿಲ್ಲದಿದ್ದರೆ ಮಾರಾಟವಾಗದೆ ಇದ್ದ 700 ಲೋಟಗಳನ್ನು ಪ್ರತಿ ತಿಂಗಳೂ ಮಾರಿದ ಮೇಲೆಯೇ ಅವನಿಗೆ ಅಸಲು ಕೈಸೇರುವುದು. ದೊಡ್ಡ ಪಟ್ಟಣದ ದೊಡ್ಡ ಅಂಗಡಿಗೆ ಇದು ಸಾಧ್ಯವಾಗಬಹುದು. ಸಂದಿಯ ಮೂಲೆಯಲ್ಲಿರುವ ಸಣ್ಣ ಅಂಗಡಿಯವನು ತೋರಿಸಿದರೆ ನಷ್ಟ, ತೋರಿಸದಿದ್ದರೆ ಗಿರಾಕಿಗಳು ಎದುರಂಗಡಿಗೆ. ಪಾನನಿರೋಧದ ದೃಷ್ಟಿಯಿಂದಲೂ ಇದು ವಿಚಾರಣೀಯವಾದ ವಿಷಯ. ಆಟದ ಬೆಲೆಯನ್ನು ಹೊರಡಿಸುವುದಕ್ಕಾಗಿ ಹೆಚ್ಚು ಕುಡಿಸಲೇಬೇಕಾದ ಅವಸ್ಥೆಗೆ ವ್ಯಾಪಾರಿಯನ್ನು ತಳ್ಳುವ ಪದ್ಧತಿಯನ್ನು ಯಾವ ಸುಧಾರಕನು ಮೆಚ್ಚಿಯಾನು?

ಈ ಭಾರವನ್ನು ತಪ್ಪಿಸಿಕೊಳ್ಳಲು ಪೋರ್ಟ್ಸ್‌ಮತ್ ನಗರದ ಪಬ್ಬಿನ ಒಡತಿಯೊಬ್ಬಳು ಮಾಡಿದ ಪ್ರಯತ್ನವು ಯೂರೋಪಿನಲ್ಲೆಲ್ಲ ಹೆಸರಾಯಿತು. ಗ್ರೀಸ್ ದೇಶದ ನೋವಾ ಎಂಬ ಪ್ರಸಾರ ಸಂಸ್ಥೆಯು ಇದೇ ಇಂಗ್ಲಿಷ್ ಪಂದ್ಯಗಳನ್ನು ಅಲ್ಲಿನ ಚಂದಾದಾರರಿಗೆ ಬಹು ಅಗ್ಗವಾಗಿ ತೋರಿಸುತ್ತಿತ್ತು. ವರ್ಷಕ್ಕೆ ಸುಮಾರು 800 ಪೌಂಡಿಗೆ ದೊರೆಯುತ್ತಿದ್ದ ಆ ಚಂದಾದ ಕಾರ್ಡನ್ನು ಆಕೆ ತರಿಸಿಕೊಂಡು ತನ್ನ ಅಂಗಡಿಯಲ್ಲಿ ಆಟವನ್ನು ತೋರಿಸಿದಳು. ಕಾರ್ಡು ಕದ್ದದ್ದಲ್ಲ, ಖೋಟಾ ಅಲ್ಲ. ಹಣ ಕೊಟ್ಟು ಕೊಂಡದ್ದು. ಆದರೂ 1988ರ ಗ್ರಂಥಸ್ವಾಮ್ಯದ ಕಾನೂನಿನ 297ನೆಯ ಕಲಮಿನ ಮೇರೆಗೆ ಆಕೆಯನ್ನು ಅಪರಾಧಿಯೆಂದು ತೀರ್ಮಾನಿಸಲಾಯಿತು. ದಂಡವೂ ನ್ಯಾಯಾಲಯದ ಖರ್ಚೂ ಸೇರಿ ಸುಮಾರು 8,000 ಪೌಂಡು ಆಕೆಯ ತಲೆಯ ಮೇಲೆ ಬಿತ್ತು.

ಆಕೆ ಎದೆಗುಂದಲಿಲ್ಲ. ವ್ಯಾಜ್ಯವು ಯೂರೋಪಿನ ಉಚ್ಚ ನ್ಯಾಯಾಸ್ಥಾನದವರೆಗೆ ಹೋಯಿತು. 2011ರ ಅಕ್ಟೋಬರ್ 4ರಂದು ಆ ನ್ಯಾಯಾಸ್ಥಾನವು ತೀರ್ಪಿತ್ತಿತು. ಒಂದು ದೇಶದಲ್ಲಿ ಸಕ್ರಮವಾಗಿ ಮಾರಿದ ಕಾರ್ಡನ್ನು ಒಕ್ಕೂಟದ ಮತ್ತೊಂದು ದೇಶದಲ್ಲಿ ಬಳಸಬಾರದೆಂಬ ನಿಷೇಧವು ಒಕ್ಕೂಟದ ವ್ಯಾಪಾರಸ್ವಾತಂತ್ರ್ಯಕ್ಕೆ ವಿರುದ್ಧವೆಂದೂ, ಫುಟ್‌ಬಾಲ್ ಪಂದ್ಯವು ನಿಯಮಕ್ಕೆ ಒಳಪಟ್ಟು ನಡೆಯುವ ಆಟವೇ ಹೊರತು ಗ್ರಂಥಸ್ವಾಮ್ಯಕ್ಕೆ ಪಾತ್ರವಾದ ಕೃತಿಯಲ್ಲವೆಂದೂ ಅದು ಸಾರಿತು. 2012ರಲ್ಲಿ ಲಂಡನ್ನಿನ ಹೈಕೋರ್ಟು ಆಕೆಯ ಮೇಲಿನ ಶಿಕ್ಷೆಯನ್ನು ರದ್ದುಪಡಿಸಿತು. ಆದರೆ ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತ್ತು: ಪ್ರಸಾರದಲ್ಲಿ ಸೇರಿರುವ ಲೀಗಿನ ಗೀತೆ, ಮೊದಲಿನ ಚಿತ್ರಾವಳಿ ಮುಂತಾದುವು ಕೃತಿಗಳಾದುದರಿಂದ ಅವನ್ನು ಪಬ್ಬಿನ ಗಿರಾಕಿಗಳಿಗೆ ತೋರಿಸಲು ಅನುಮತಿ ಬೇಕು. ಆಟಕ್ಕೆ ಒಡೆಯನಿಲ್ಲ, ಆಟದ ಮುಂಚಿನ ಗೀತೆಗೆ ಒಡೆಯನುಂಟು! ನಮ್ಮ ಶಾಸ್ತ್ರಕಾರರು ಇಂತಹುದನ್ನೇ ಅರ್ಧಜರತೀಯ ನ್ಯಾಯವೆಂದು ಕರೆದರು. ಗೆದ್ದ ಆ ಅರ್ಧವೂ ಈಗ ಉಳಿದಿಲ್ಲ. ಬ್ರಿಟನ್ನು ಒಕ್ಕೂಟವನ್ನು ಬಿಟ್ಟು, 2020ರ ಡಿಸೆಂಬರ್ 31ಕ್ಕೆ ಸಂಧಿಕಾಲವೂ ಮುಗಿದ ಮೇಲೆ, ಒಕ್ಕೂಟದ ವ್ಯಾಪಾರಸ್ವಾತಂತ್ರ್ಯದ ಆಶ್ರಯವು ಅಲ್ಲಿನ ಅಂಗಡಿಕಾರನಿಗೆ ತಪ್ಪಿಹೋಯಿತು.

ಏಕಸ್ವಾಮ್ಯಕ್ಕೆ ಸ್ಪರ್ಧೆಯೇ ಮದ್ದೆಂದು ಅರ್ಥಶಾಸ್ತ್ರಜ್ಞರು ಹೇಳುತ್ತಾರೆ. ಆ ಮದ್ದನ್ನೂ ಕುಡಿಸಿ ನೋಡಿದ್ದಾಯಿತು. ಎಲ್ಲ ಪಂದ್ಯಗಳೂ ಒಬ್ಬನೇ ಕೊಳ್ಳುವವನ ಪಾಲಾಗಬಾರದೆಂದು ಯೂರೋಪಿನ ಆಯೋಗವು ಹಟ ಹಿಡಿದು, 2007ರಿಂದ ಹಕ್ಕನ್ನು ಹಂಚಿ ಮಾರುವಂತೆ ಮಾಡಿತು. ಫಲವೇನು? ಒಂದೊಂದು ಪಂದ್ಯವೂ ಒಬ್ಬನ ಬಳಿಯಲ್ಲಿಯೇ ದೊರೆಯುವುದರಿಂದ ಇಬ್ಬರು ಮಾರುವವರು ಪರಸ್ಪರ ಬೆಲೆಯನ್ನು ಇಳಿಸಲಿಲ್ಲ. ಇಬ್ಬರೂ ತಮ್ಮ ತಮ್ಮ ಕಟ್ಟೆಯಲ್ಲಿ ಸುಂಕವನ್ನು ಎತ್ತತೊಡಗಿದರು. ಈಗಿನ ಒಪ್ಪಂದದಂತೆ ವರ್ಷಕ್ಕೆ ಸ್ಕೈಯವರ ಬಳಿ ಕನಿಷ್ಠ 215 ಪಂದ್ಯಗಳು, ಟಿಎನ್‌ಟಿಯವರ ಬಳಿ 52. ಗಿರಾಕಿಯು ತನ್ನ ಊರಿನ ತಂಡದ ಆಟವನ್ನು ಬಿಡದೆ ನೋಡಬೇಕೆಂದರೆ ಅಂಗಡಿಕಾರನು ಎರಡು ಕಡೆಯೂ ಹಣ ತೆರಬೇಕು. ಸ್ಕೈ ಕಂಪೆನಿಯಾದರೋ 2018ರಿಂದ ಅಮೆರಿಕದ ಕಾಮ್‌ಕಾಸ್ಟ್ ಸಂಸ್ಥೆಯ ವಶದಲ್ಲಿದೆ. ಇಂಗ್ಲಿಷರ ಆಟಕ್ಕೆ ಇಂಗ್ಲಿಷರು ತೆರುವ ಸುಂಕದ ಲಾಭವು ಸಾಗರದಾಚೆಯ ಷೇರುದಾರರಿಗೆ ಸಲ್ಲುತ್ತಿದೆ. ಒಂದು ಕಾಲದಲ್ಲಿ ನಮ್ಮ ದೇಶದ ಹಣವು ಲಂಡನ್ನಿಗೆ ಹೋದ ಬಗೆಯನ್ನು ನೆನೆದವರಿಗೆ ಇದರಲ್ಲಿ ಕಾಲಮಹಿಮೆಯು ಕಾಣಬಹುದು. ನಾವು ಅದಕ್ಕಾಗಿ ಹಿಗ್ಗುವವರಲ್ಲ.

ಇದಕ್ಕೆ ಪೂರ್ವಪಕ್ಷವಿಲ್ಲದೆ ಇಲ್ಲ. ಆಟಗಾರರಿಗೆ ಸಂಬಳ ಕೊಡಬೇಕು, ಕ್ಯಾಮರಾಗಳನ್ನು ನಡೆಸಬೇಕು. ಪಬ್ಬಿನವನು ಆಟದ ಹೆಸರಿನಲ್ಲಿ ಲಾಭ ಮಾಡಿಕೊಳ್ಳುವಾಗ ಅದರಲ್ಲಿ ಪಾಲು ಕೊಡುವುದು ಧರ್ಮವೇ ಎಂದು ಕಂಪೆನಿಯವರು ವಾದಿಸುತ್ತಾರೆ. ಈ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಶ್ರಮಕ್ಕೆ ಪ್ರತಿಫಲ ಸಲ್ಲತಕ್ಕದ್ದು. ಕಳ್ಳತನಕ್ಕೆ ನಾವು ವಕಾಲತ್ತು ವಹಿಸುವವರಲ್ಲ. ಆದರೆ ಪಾಲಿಗೂ ಸುಂಕಕ್ಕೂ ಅಂತರವಿದೆ. ಪಾಲು ಲಾಭವನ್ನು ನೋಡಿ ಎತ್ತುವುದು. ಸುಂಕವು ಬಂಡಿಯಲ್ಲಿ ಸರಕಿದೆಯೋ ಇಲ್ಲವೋ ನೋಡದೆ ಎತ್ತುವುದು. ಕಟ್ಟಡದ ಬೆಲೆಯ ಮೇಲೆ ಕಟ್ಟಿದ ದರವು ಎರಡನೆಯ ಜಾತಿಯದು. ಇಸ್ಪೀಟಿನ ಎಲೆಗಳನ್ನು ಮಾರಲು ರಾಣಿ ಎಲಿಜಬೆತ್ತಳು ಒಬ್ಬನಿಗೇ ಕೊಟ್ಟ ಸನ್ನದು ಅಸಿಂಧುವೆಂದು 1602ರಲ್ಲಿ ಅದೇ ಇಂಗ್ಲೆಂಡಿನ ನ್ಯಾಯಾಧೀಶರು ತೀರ್ಮಾನಿಸಿದ್ದರು. ಜನರ ವಿನೋದವನ್ನು ಒಬ್ಬನ ಗುತ್ತಿಗೆಗೆ ಒಪ್ಪಿಸುವುದು ತಪ್ಪೆಂದು ನಾನೂರು ವರ್ಷಗಳ ಹಿಂದೆಯೇ ಅವರಿಗೆ ಹೊಳೆದಿತ್ತು.

ಇನ್ನು ನಮ್ಮ ಮನೆಯ ಕಡೆಗೆ ತಿರುಗೋಣ. ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತೆಂದು 1995ರಲ್ಲಿ ನಮ್ಮ ಸುಪ್ರೀಂ ಕೋರ್ಟು ಬಂಗಾಳದ ಕ್ರಿಕೆಟ್ ಸಂಸ್ಥೆಯ ವ್ಯಾಜ್ಯದಲ್ಲಿ ತೀರ್ಪಿತ್ತಿದೆ. ರಾಷ್ಟ್ರೀಯ ಮಹತ್ವದ ಪಂದ್ಯಗಳ ಪ್ರಸಾರವನ್ನು ಹಕ್ಕುದಾರರು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳತಕ್ಕದ್ದೆಂದು 2007ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿತು. ಉದ್ದೇಶವು ಸ್ತುತ್ಯವಾದದ್ದು. ಆದರೆ ಹಾಗೆ ಹಂಚಿಕೊಂಡ ಪ್ರಸಾರವನ್ನು ಪ್ರಸಾರ ಭಾರತಿಯ ಸ್ವಂತ ಜಾಲಗಳಲ್ಲಿ ಮಾತ್ರವೇ ತೋರಿಸಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನಿಗೆ ಅರ್ಥ ಹೇಳಿದ ಮೇಲೆ, ಖಾಸಗಿ ಕೇಬಲ್ಲನ್ನು ಹಾಕಿಸಿಕೊಂಡ ಮನೆಗೂ ಹೋಟೆಲಿಗೂ ಅದರ ಪ್ರಯೋಜನವು ತಪ್ಪಿತು. ಇತ್ತ ಐಪಿಎಲ್ ಪಂದ್ಯಗಳ 2023ರಿಂದ 2027ರ ವರೆಗಿನ ಹಕ್ಕು 48,390 ಕೋಟಿ ರೂಪಾಯಿಗೆ ಹರಾಜಾಯಿತು. ಆಗ ದೂರದರ್ಶನದ ಹಕ್ಕನ್ನು ಒಬ್ಬರೂ ಅಂತರ್ಜಾಲದ ಹಕ್ಕನ್ನು ಇನ್ನೊಬ್ಬರೂ ಕೊಂಡರು. 2024ರ ನವೆಂಬರಿನಲ್ಲಿ ಆ ಎರಡು ವ್ಯವಹಾರಗಳೂ ಒಂದೇ ಸಂಸ್ಥೆಯಲ್ಲಿ ವಿಲೀನವಾದುವು. ಇಂಗ್ಲೆಂಡಿನಲ್ಲಿ ಎರಡು ಕಟ್ಟೆಗಳು; ನಮ್ಮ ಐಪಿಎಲ್ಲಿಗೆ ಒಂದೇ ಕಟ್ಟೆ.

ಆದುದರಿಂದ ಸರ್ಕಾರದವರ ಮುಂದೆ ನಾವು ಮೂರು ಸೂಚನೆಗಳನ್ನು ಇಡುತ್ತೇವೆ. ಹೋಟೆಲು ಅಂಗಡಿಗಳಿಗೆ ವಿಧಿಸುವ ದರವು ಬಹಿರಂಗವಾಗಿ ಪ್ರಕಟವಾಗಬೇಕು. ಅದು ಕೂರುವ ಜನರ ಸಂಖ್ಯೆಗೆ ಅನುಗುಣವಾಗಿರಬೇಕು. ಒಂದೊಂದು ಪಂದ್ಯಕ್ಕೆ ಬಿಡಿಯಾಗಿ ಹಣ ಕೊಡುವ ಅವಕಾಶವೂ ಇರಬೇಕು. ಎರಡನೆಯದಾಗಿ, 1957ರ ಗ್ರಂಥಸ್ವಾಮ್ಯದ ಕಾನೂನಿನ 37ನೆಯ ಕಲಮು ಹಣ ಪಡೆದು ಸಾರ್ವಜನಿಕರಿಗೆ ಪ್ರಸಾರವನ್ನು ತೋರಿಸುವುದನ್ನು ಹಕ್ಕಿನ ಭಂಗವೆನ್ನುತ್ತದೆ. ಕಾಫಿಯ ಬೆಲೆಯನ್ನು ಏರಿಸದೆ, ಪ್ರವೇಶಧನವನ್ನು ಕೇಳದೆ, ರಾಷ್ಟ್ರದ ತಂಡದ ಆಟವನ್ನು ತೋರಿಸುವ ಹೋಟೆಲಿನವನು ಈ ಮಾತಿನ ವ್ಯಾಪ್ತಿಗೆ ಬರುವುದಿಲ್ಲವೆಂದು ಪಾರ್ಲಿಮೆಂಟು ಸ್ಪಷ್ಟಪಡಿಸಬೇಕು. ಮೂರನೆಯದಾಗಿ, 2007ರ ಕಾನೂನನ್ನು ತಿದ್ದಿ, ಅದರ ಫಲವು ಕೇಬಲ್ಲಿನ ಚಂದಾದಾರನಿಗೂ ಮುಟ್ಟುವಂತೆ ಮಾಡಬೇಕು.

ಕಂಪೆನಿಗಳು ತಾವಾಗಿಯೇ ದರವನ್ನು ಇಳಿಸಿಯಾವೆಂದು ಕಾಯುವುದು ವ್ಯರ್ಥ. ಸುಂಕದವನ ಮುಂದೆ ಸುಖದುಃಖವನ್ನು ಹೇಳಿಕೊಂಡು ಫಲವಿಲ್ಲವೆಂಬುದು ನಮ್ಮ ಜನರು ಅನುಭವದಿಂದ ಕಟ್ಟಿದ ಗಾದೆ. ದುಃಖವನ್ನು ಹೇಳಿಕೊಳ್ಳಬೇಕಾದದ್ದು ಕಟ್ಟೆಯನ್ನು ಕಟ್ಟಗೊಟ್ಟವರ ಮುಂದೆ. ತರಂಗಗಳು ಪ್ರಜೆಗಳ ಸ್ವತ್ತಾದುದರಿಂದ ಅವುಗಳನ್ನು ಕಾಯುವ ಹೊಣೆಯು ದೆಹಲಿಯ ಸರ್ಕಾರದ್ದು. ಆ ಹೊಣೆಯನ್ನು ಅದಕ್ಕೆ ನೆನಪಿಸಬೇಕಾದವರು, ಮತ ಕೊಟ್ಟು ಅದನ್ನು ಅಲ್ಲಿ ಕೂರಿಸಿದ ಮಹಾಜನರು.