ಆ್ಯಪ್ ಇರಲಿ, ಆಲಿಸುವವರು ಮೊದಲು ಸಿಗಲಿ
ದಕ್ಷಿಣ ಕನ್ನಡ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ



ಮಕ್ಕಳ ಮನಸ್ಸು ಹಗುರಾಗಲು ಮೊಬೈಲಿಗೆ ಧ್ಯಾನದ ಆ್ಯಪ್ ಹಾಕಿಕೊಡಿ ಎಂಬ ಸಲಹೆ ಈಗ ಪೋಷಕರ ನಡುವೆಯೂ ಓಡಾಡುತ್ತಿದೆ. ಪರೀಕ್ಷೆಯ ತಳಮಳಕ್ಕೆ ಹತ್ತು ನಿಮಿಷ ಉಸಿರಿನ ಮೇಲೆ ಗಮನವಿಡುವುದು ಒಳ್ಳೆಯದೇ. ಆದರೆ ಬದುಕೇ ಬೇಡವೆನಿಸಿದವರಿಗೆ ಅಷ್ಟು ಸಾಕೇ? 2022ರಲ್ಲಿ ದೇಶದ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕ ಕೊಟ್ಟಿದೆ.

ಆಸ್ಟ್ರೇಲಿಯಾದ ಮೂಲನಿವಾಸಿ ಯುವಜನರಿಗೆಂದೇ ರೂಪಿಸಿದ ‘ಐಬಾಬ್ಲಿ’ ಆ್ಯಪ್‌ನ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಬಳಸಿದವರ ಖಿನ್ನತೆ, ಸಂಕಟ ತಗ್ಗಿದ್ದವು. ಆತ್ಮಹತ್ಯೆಯ ಯೋಚನೆಯ ವಿಷಯದಲ್ಲಿ ಮಾತ್ರ ಅವರಿಗೂ ಆ್ಯಪ್ ಇನ್ನೂ ಸಿಗದೆ ಸರದಿಯಲ್ಲಿ ಕಾದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ್ಯಪ್ ಊರುಗೋಲಾದೀತು, ವೈದ್ಯರಾಗಲಾರದು.

ನಮ್ಮ ಊರುಗಳಲ್ಲಿ ಆ ಊರುಗೋಲೂ ಎಲ್ಲರ ಕೈಗೆ ಸಿಗುವುದಿಲ್ಲ. ಮೂಡುಬಿದಿರೆಗೆ ನಾಡಿನ ಮೂಲೆಮೂಲೆಯಿಂದ ಮಕ್ಕಳು ಓದಲು ಬರುತ್ತಾರೆ. ಪಿಯು ಹಾಸ್ಟೆಲ್ ಎಂದರೆ ಸಾಮಾನ್ಯವಾಗಿ ಮೊಬೈಲ್ ನಿಷಿದ್ಧ. ಬೆಳ್ತಂಗಡಿಯ ಚಾರ್ಮಾಡಿ, ದಿಡುಪೆಯಂಥ ಘಟ್ಟದ ಬುಡದ ಊರುಗಳಲ್ಲಿ ಜೋರು ಮಳೆಗೆ ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ. ಬಂಟ್ವಾಳದಲ್ಲಿ ಓದು ಬಿಟ್ಟು ಬಿ.ಸಿ.ರೋಡಿನ ಅಂಗಡಿಗಳಲ್ಲಿ ದುಡಿಯುವವರು, ಮನೆಯಲ್ಲಿ ಬೀಡಿ ಕಟ್ಟುವ ಹುಡುಗಿಯರು ಯಾವ ಕಾಲೇಜಿನ ಪಟ್ಟಿಯಲ್ಲೂ ಇಲ್ಲ. ಮನೆಯಲ್ಲಿ ತುಳುವಿನಲ್ಲೋ ಬ್ಯಾರಿಯಲ್ಲೋ ಅಳುವವರಿಗೆ ಇಂಗ್ಲಿಷಿನ ಸಾಂತ್ವನ ಎಷ್ಟು ತಲುಪೀತು?

2025ರ ಜುಲೈ 25ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಅರ್ಹ ಆಪ್ತಸಮಾಲೋಚಕರೊಬ್ಬರನ್ನಾದರೂ ನೇಮಿಸಬೇಕು, ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಸಂಪರ್ಕ ಏರ್ಪಡಿಸಿಕೊಳ್ಳಬೇಕು ಎಂದಿದೆ. ಇದರ ಮೇಲ್ವಿಚಾರಣೆಯ ಜಿಲ್ಲಾ ಸಮಿತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಹಾಗಾಗಿ ಈ ಪತ್ರ ತಮಗೇ.

ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ ಈ ಮೂರೂ ತಾಲೂಕುಗಳಲ್ಲಿ ಯಾವ ಸಂಸ್ಥೆಯಲ್ಲಿ ಆಪ್ತಸಮಾಲೋಚಕರಿದ್ದಾರೆ, ಎಲ್ಲಿಲ್ಲ ಎಂಬ ಪಟ್ಟಿಯನ್ನು ಮುಂದಿನ ದ್ವಿತೀಯ ಪಿಯು ಪರೀಕ್ಷೆಗೆ ಮೊದಲು ಪ್ರಕಟಿಸಿ. ಪಾಠ ಮಾಡುವವರಿಗೇ ಆ ಹೆಸರಿನ ಹಲಗೆ ತಗುಲಿಸಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪ್ರತಿ ಹಾಸ್ಟೆಲಿನಲ್ಲೂ ವಾರ್ಡನ್ನರ ಕಿವಿಗೆ ಬೀಳದ ಜಾಗದಲ್ಲಿ ಒಂದು ದೂರವಾಣಿ ಇಡಿಸಿ. ಅದರ ಮೇಲೆ 14416 ಎಂದು ಬರೆಸಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ‘ಟೆಲಿ ಮನಸ್’ ಸಹಾಯವಾಣಿ, ಹಗಲಿರುಳೂ ಉಚಿತ. ಕಾಲೇಜಿನಾಚೆಯವರ ಮನೆಗೆ ಹೋಗಿಬರುವ ಆಶಾ ಕಾರ್ಯಕರ್ತೆಯರಿಗೆ ಅಪಾಯದ ಲಕ್ಷಣ ಗುರುತಿಸುವ ತರಬೇತಿ ಕೊಡಿಸಿ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನವನ್ನು ಪಂಚಾಯಿತಿ ಕಚೇರಿಗಳಲ್ಲಿ ಬರೆಸಿ ಹಾಕಿಸಿ.

ಆಮೇಲೆ ಆ್ಯಪನ್ನೂ ಕೊಡೋಣ. ಅದು ಕನ್ನಡ, ತುಳುವಿನಲ್ಲಿ ಮಾತಾಡಲಿ, ಒಂದೇ ಒತ್ತಿಗೆ ಮನುಷ್ಯರ ದನಿಗೆ ಜೋಡಿಸಲಿ, ಮಕ್ಕಳು ಹೇಳಿಕೊಂಡದ್ದನ್ನು ಆಡಳಿತ ಮಂಡಳಿಗೆ ದಾಟಿಸದಿರಲಿ. ಈ ಮೂರೂ ಇಲ್ಲದ ಆ್ಯಪನ್ನು ಜಿಲ್ಲಾಡಳಿತದ ಹೆಸರಿನಲ್ಲಿ ಹಂಚಬೇಡಿ.

ಇತಿ,
ಬಂಟ್ವಾಳ ತಾಲೂಕಿನ ಒಬ್ಬ ಪೋಷಕ

(ಬದುಕು ಬೇಡವೆನಿಸಿದಾಗ ಒಬ್ಬರೇ ಇರಬೇಡಿ, ನಂಬಿಕೆಯವರಿಗೆ ಹೇಳಿ, 14416ಕ್ಕೆ ಕರೆಮಾಡಿ. ಪ್ರಾಣಾಪಾಯವಿದ್ದರೆ 112.)