ಕೌದಿಯ ಪಾಲು

ಕೌದಿಯನ್ನು ಕುರಿತು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆಯುವಂಥದ್ದು ಏನಿದೆಯೆಂದು ಮಿತ್ರರೊಬ್ಬರು ಕೇಳಿದರು. ಅವರು ಕಾಳಿದಾಸನ ಉಪಮೆಗಳನ್ನು ಕುರಿತು ಬರೆಯುತ್ತಿದ್ದಾರೆ, ಬರೆಯಲಿ. ನಮ್ಮ ಮನೆಯಲ್ಲಿ ಸದ್ಯಕ್ಕೆ ಎದ್ದಿರುವ ವ್ಯಾಜ್ಯ ಕಾಳಿದಾಸನದಲ್ಲ, ಕೌದಿಯದು. ದಾವಣಗೆರೆಯ ಮನೆಯದು ಒಂದು ಮಾತು, ಹರಿಹರದ ಮನೆಯದು ಇನ್ನೊಂದು, ಬೆಂಗಳೂರಿನಿಂದ ಫೋನಿನಲ್ಲಿ ಬರುವುದು ಮತ್ತೊಂದು. ನನಗೂ ಒಂದು ಅಭಿಪ್ರಾಯವುಂಟು. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವನಾದುದರಿಂದ ಅದನ್ನು ಪೂರ್ತಿ ಹೇಳಲು ಯಾರೂ ಬಿಡುವುದಿಲ್ಲ. ಆದುದರಿಂದ ವಾಚಕರಿಗೆ ಈ ತೊಂದರೆ.

ಕೌದಿ ಎಂದರೇನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹಾಸಿದರೆ ಹಾಸಿಗೆ, ಹೊದೆದರೆ ಹೊದಿಕೆ. ಉಟ್ಟು ಸವೆದ ಸೀರೆ, ಧೋತರ, ಅಂಗಿ, ಕುಪ್ಪಸ ಇವನ್ನೆಲ್ಲ ಒಗೆದು, ಹರಿದು, ನಾಲ್ಕಾರು ಪದರಗಳಾಗಿ ನೆಲದ ಮೇಲೆ ಹಾಸಿ, ಮೊದಲು ದೂರ ದೂರ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಅಂಚಿನಿಂದ ಹಿಡಿದು ನಡುವಿನ ತನಕ ಬೆರಳಂತರದ ಸಾಲುಗಳಲ್ಲಿ ಸೂಜಿ ಓಡಿಸಿದರೆ ಕೌದಿ. ಇದೇ ವಸ್ತುವಿಗೆ ಬಂಗಾಳದಲ್ಲಿ ಕಾಂಥಾ ಎನ್ನುತ್ತಾರೆ, ಮಹಾರಾಷ್ಟ್ರದಲ್ಲಿ ಗೋಧಡಿ. ಸಂಸ್ಕೃತದ ಕಂಥಾ, ನಮ್ಮ ಹಳೆಯ ಕನ್ನಡದ ಕಂಥೆ, ವಿರಕ್ತರು ಹೊದೆಯುವ ತೇಪೆಯ ಬಟ್ಟೆ. ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳಲ್ಲಿ ನಾಲ್ಕು ಮೂಲೆಗೂ ಬಟ್ಟೆ ಮಡಿಸಿ ಮಾಡಿದ ಹೂವಿರುತ್ತದೆ. ನಮ್ಮ ಮನೆಯದಕ್ಕೆ ಹೂವಿಲ್ಲ. ಅಜ್ಜಿಗೆ ಅಷ್ಟು ವ್ಯವಧಾನವಿರಲಿಲ್ಲ.

ಅಜ್ಜ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ನೂಲಿನ ವಿಭಾಗದ ಕೆಲಸಗಾರ. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಮ್ಮೆಯಿಂದ ಕರೆಯುತ್ತಿದ್ದ ಕಾಲವದು. ಪಾಳಿ ಮುಗಿಸಿ ಬಂದಾಗ ತಲೆಗೂದಲು, ಹುಬ್ಬು, ಅಂಗಿಯ ತೋಳು ಎಲ್ಲದಕ್ಕೂ ಹತ್ತಿಯ ನವಿರು ಅಂಟಿಕೊಂಡು ಮೂವತ್ತರ ವಯಸ್ಸಿಗೇ ಮುದುಕನಂತೆ ಕಾಣುತ್ತಿದ್ದನೆಂದು ಅಜ್ಜಿ ಹೇಳುತ್ತಿದ್ದಳು. ಆಮೇಲೆ ಒಂದೊಂದಾಗಿ ಗಿರಣಿಗಳು ಮುಚ್ಚಿದವು. 1997ರಲ್ಲಿ ಚಿತ್ರದುರ್ಗದಿಂದ ಬೇರ್ಪಟ್ಟು ದಾವಣಗೆರೆ ಜಿಲ್ಲೆಯಾದಾಗ ಊರೆಲ್ಲ ಪಟಾಕಿ ಹೊಡೆಯಿತಂತೆ. ಅಜ್ಜನಿಗೆ ಆಗಲೇ ಕೆಲಸವಿರಲಿಲ್ಲ. ಆ ಚಳಿಗಾಲದಲ್ಲಿ ಅಜ್ಜಿ ಅವನ ಮಿಲ್ಲಿನ ನೀಲಿ ಅಂಗಿಗಳನ್ನು ಗೂಟದಿಂದ ತೆಗೆದು ಹರಿದು ಕೌದಿಗೆ ಇಟ್ಟಳು. ಅಜ್ಜ ಏನೂ ಅನ್ನಲಿಲ್ಲವಂತೆ, ಗುಂಡಿಗಳನ್ನು ಮಾತ್ರ ತಾನೇ ಕತ್ತರಿಸಿ ಡಬ್ಬಿಯಲ್ಲಿ ಹಾಕಿಟ್ಟನಂತೆ. ಅದರ ಜೊತೆಗೆ ಅವಳ ಮದುವೆಯ ಇಳಕಲ್ ಸೀರೆ, ತಂದೆಯವರ ಶಾಲೆಯ ಚಡ್ಡಿ, ಚಿಕ್ಕಪ್ಪನ ತೊಟ್ಟಿಲ ಬಟ್ಟೆ, ಯಾರದೆಂದು ಈಗ ಯಾರಿಗೂ ತಿಳಿಯದ ಒಂದು ಹಳದಿ ತುಂಡು.

ನಾನು ಹುಟ್ಟುವಷ್ಟರಲ್ಲಿ ಅಜ್ಜಿಯ ಕಣ್ಣು ಮಂಜಾಗಿತ್ತು. ಶಾಲೆಗೆ ಹೋಗುವ ಮುಂಚೆ ಹತ್ತು ಸೂಜಿಗಳಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗುವುದು ನನ್ನ ಕೆಲಸ. ಸಂಜೆ ಬರುವ ವೇಳೆಗೆ ಹತ್ತೂ ಬರಿದಾಗಿರುತ್ತಿದ್ದವು. ಗಂಡುಹುಡುಗನ ಕೈಯಲ್ಲಿ ಸೂಜಿ ಏಕೆಂದು ನೆರೆಮನೆಯವರು ನಕ್ಕರೆ, “ಅವನೂ ರಾತ್ರಿ ಹೊದೀತಾನಲ್ಲವ್ವಾ” ಎನ್ನುತ್ತಿದ್ದಳು. ಯಾವ ಕೌದಿಯಾದರೂ ಸರಿ, ಕೊನೆಯ ತುಂಡನ್ನು ಮುಚ್ಚುವ ಮುನ್ನ ಅದರಡಿ ಜೋಳದ ರೊಟ್ಟಿಯ ಒಂದು ಚೂರು ಇಡುವುದು ಅವಳ ಪದ್ಧತಿ. ಕೌದಿ ಹಸಿದಿರಬಾರದಂತೆ.

ಮುಂದೆ ಮನೆ ಪಾಲಾಯಿತು. ನಾನು ಆಗ ಬಹಳ ಚಿಕ್ಕವ. ಚಿಕ್ಕಪ್ಪ ಹರಿಹರದಲ್ಲಿ ಲೇತ್ ಅಂಗಡಿ ಇಟ್ಟಿದ್ದರು. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನು ಮಾಡುತ್ತಿತ್ತಷ್ಟೆ. ಕಾರ್ಖಾನೆ ಹೋದರೂ ಆ ಕಸಬು ಊರಿನಲ್ಲಿ ಉಳಿದಿದೆ. ಹೊಲ, ಹಿತ್ತಾಳೆ ಪಾತ್ರೆ, ಅಜ್ಜಿಯ ಎರಡು ಬಂಗಾರದ ಬಳೆ ಎಲ್ಲ ಹಂಚಿ ಮುಗಿದ ಮೇಲೆ ಕೌದಿ ಉಳಿಯಿತು. ಅಣ್ಣತಮ್ಮಂದಿರು ಬೇರೆ ಯಾವುದಕ್ಕೂ ಅಷ್ಟು ಗಟ್ಟಿಯಾಗಿ ಜಗಳವಾಡಿರಲಿಲ್ಲ. ಪಂಚರೊಬ್ಬರು, ಪಾಪ, ಒಳ್ಳೆಯ ಮನಸ್ಸಿನಿಂದಲೇ, ನಡುವೆ ಕತ್ತರಿಸಿ ಅರ್ಧರ್ಧ ಕೊಟ್ಟುಬಿಡೋಣ ಎಂದರು. ಅಜ್ಜಿ ಕೌದಿಯನ್ನು ಮಡಿಸಿ ಅದರ ಮೇಲೆ ಕುಳಿತುಬಿಟ್ಟಳಂತೆ. ಕಡೆಗೆ ಅವಳೇ ತೀರ್ಪು ಕೊಟ್ಟಳು: ದಸರೆಯಿಂದ ದಸರೆಗೆ ಒಂದು ವರ್ಷ ದಾವಣಗೆರೆ, ಮುಂದಿನ ವರ್ಷ ಹರಿಹರ. ಕೊಡುವವರು ಒಗೆದು ಕೊಡಬೇಕು.

ಈ ಕೊನೆಯ ಷರತ್ತಿನಲ್ಲಿ ಎಷ್ಟು ಬುದ್ಧಿವಂತಿಕೆ ಇತ್ತೆಂಬುದು ನನಗೆ ಈಚೆಗೆ ಹೊಳೆಯಿತು. ದಸರೆಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಒಗೆಯುವುದು ನಮ್ಮಲ್ಲಿ ನಡೆದುಬಂದದ್ದು. ನೆನೆದ ಕೌದಿಯನ್ನು ಎತ್ತಿದವರಿಗೆ ಗೊತ್ತು ಅದರ ಭಾರ. ದಾವಣಗೆರೆಯ ನಲ್ಲಿನೀರಿನಲ್ಲಿ ಅದು ಒಗೆಯುವ ವಸ್ತುವಲ್ಲ, ಹೊಳೆಗೇ ಒಯ್ಯಬೇಕು. ಹೊಳೆ ಇರುವುದು ಹರಿಹರದಲ್ಲಿ, 14 ಕಿಲೋಮೀಟರು ದೂರ. ಹಿಂಡುವುದಕ್ಕೆ ಎರಡು ಕಡೆಯಲ್ಲಿ ಇಬ್ಬರು ಗಟ್ಟಿ ಆಳು ಬೇಕು. ಹೀಗೆ, ಮಾತು ಬಿಟ್ಟಿದ್ದ ಎರಡು ವರ್ಷಗಳಲ್ಲಿಯೂ ತಂದೆಯವರೂ ಚಿಕ್ಕಪ್ಪನೂ ತುಂಗಭದ್ರೆಯ ದಂಡೆಯಲ್ಲಿ ಒಂದೇ ಕೌದಿಯ ಎರಡು ತುದಿ ಹಿಡಿದು ಎದುರುಬದುರು ನಿಂತು ತಿರುಚಿದರು. “ಬಿಗಿ ಹಿಡಿ” ಎನ್ನುವಷ್ಟಾದರೂ ಮಾತಾಡಲೇಬೇಕಲ್ಲ. ಅಜ್ಜಿ ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದಳು. 13ನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರನ ಗುಡಿ ಆ ಊರಿನಲ್ಲೇ ಇದೆ. ಅರ್ಧ ಹರಿ, ಅರ್ಧ ಹರ, ಒಂದೇ ಮೈ. ಕೌದಿ ಹಿಂಡಿದ ಮೇಲೆ ಎಲ್ಲರೂ ಗುಡಿಗೆ ಹೋಗಿ ಬರುವುದೂ ರೂಢಿಯಾಯಿತು.

ಅಜ್ಜಿ 2016ರಲ್ಲಿ ತೀರಿಕೊಂಡಳು. ಕೊಡುಕೊಳ್ಳುವಿಕೆ ನಿಲ್ಲಲಿಲ್ಲ. ಆದರೆ ಕೌದಿಗೆ ಈಗ ವಯಸ್ಸಾಗಿದೆ. ಮೇಲಿನ ಪದರ ಅಲ್ಲಲ್ಲಿ ಜಾಳಾಗಿ, ಅಜ್ಜನ ನೀಲಿ ಅಂಗಿ ಹಿಡಿದರೆ ಹಿಂಜುತ್ತದೆ. ಕಳೆದ ದಸರೆಯಲ್ಲಿ ಹೊಳೆಗೆ ಒಯ್ಯಲು ಧೈರ್ಯವಾಗಲಿಲ್ಲ. ವ್ಯಾಜ್ಯ ಶುರುವಾದದ್ದು ಇಲ್ಲಿಂದ.

ನನ್ನ ಅವ್ವ ಹೇಳುವುದು, ಮೇಲೊಂದು ಹೊಸ ಪದರ ಹೊಲಿಸಿಬಿಡೋಣ ಎಂದು. ಹಳೆಯ ಕೌದಿಗೆ ಹೀಗೆ ಪದರ ಕೊಡುವುದು ಎಲ್ಲ ಮನೆಗಳಲ್ಲಿಯೂ ಉಂಟು. ಚಿಕ್ಕಮ್ಮ ಒಪ್ಪುವುದಿಲ್ಲ. ಮಾವನ ಅಂಗಿ ಮುಚ್ಚಿಹೋಗುತ್ತದೆ, ಅತ್ತೆಯ ಹೊಲಿಗೆ ಕಾಣುವುದಿಲ್ಲ, ಆಮೇಲೆ ಅದು ಅವರ ಕೌದಿ ಹೇಗಾಗುತ್ತದೆ, ಪೆಟ್ಟಿಗೆಯಲ್ಲಿ ಇಟ್ಟುಬಿಡಿ ಎನ್ನುತ್ತಾಳೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಚಿಕ್ಕಪ್ಪನ ಮಗಳು, ನಮ್ಮ ಅಕ್ಕ, ಇನ್ನೂ ಮುಂದೆ ಹೋಗಿ, ಗಾಜು ಹಾಕಿಸಿ ತನ್ನ ಮನೆಯ ಗೋಡೆಗೆ ತೂಗುಹಾಕುವುದಾಗಿ ಹೇಳುತ್ತಾಳೆ. ಅವಳದು ಬರಿಯ ಷೋಕಿಯ ಮಾತಲ್ಲ. ಅಮೆರಿಕದ ಅಲಬಾಮಾ ಸಂಸ್ಥಾನದಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿಯಿದೆ. ಹತ್ತಿಯ ತೋಟಗಳಲ್ಲಿ ಗುಲಾಮರಾಗಿ ದುಡಿದವರ ವಂಶದ ಹೆಣ್ಣುಮಕ್ಕಳು ಅಲ್ಲಿ ಹೊಲಿದ ಕೌದಿಗಳನ್ನು 2002ರಲ್ಲಿ ಹ್ಯೂಸ್ಟನ್ ನಗರದ ಕಲಾ ಸಂಗ್ರಹಾಲಯದಲ್ಲಿಯೂ ಆಮೇಲೆ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿಯೂ ಪ್ರದರ್ಶಿಸಿದರು. ಆ ಕೌದಿಗಳಲ್ಲಿ ಒಂದನ್ನು ಮಿಸ್ಸೌರಿ ಪೆಟ್‌ವೇ ಎಂಬಾಕೆ 1942ರಲ್ಲಿ, ತೀರಿಕೊಂಡ ಗಂಡನ ಕೆಲಸದ ಬಟ್ಟೆಗಳನ್ನು ಹರಿದು ಹೊಲಿದಳು. ಅಕ್ಕ ಅದರ ಚಿತ್ರವನ್ನು ಫೋನಿನಲ್ಲಿ ಕಳಿಸಿದಾಗ ನಾನು ಬಹಳ ಹೊತ್ತು ನೋಡಿದೆ. ಸವೆದ ನೀಲಿ, ಮಾಸಿದ ಬೂದು. ನಮ್ಮ ಅಜ್ಜಿಯ ಕೈಯದೆಂದರೂ ನಂಬಬಹುದು.

ಅಲ್ಲಿಯ ಹೆಂಗಸರಿಗೆ ಹೆಸರು ಬಂತು, ನಾಲ್ಕು ಕಾಸೂ ಬಂತು. ಅದನ್ನು ಹಗುರವಾಗಿ ಕಾಣುವುದು ನನ್ನ ಉದ್ದೇಶವಲ್ಲ. ಹಳೆ ಚಿಂದಿಯೆಂದು ಕಡೆಗಣಿಸಿದ್ದ ಕೆಲಸ ಕಲೆಯೆಂದು ಜಗತ್ತು ಒಪ್ಪಿದ್ದು ನ್ಯಾಯವೇ. ನಾನೇ ಮೊದಲ ವರ್ಷ ಹಾಸ್ಟೆಲಿನ ಗೆಳೆಯರು ಮನೆಗೆ ಬಂದಾಗ ಕೌದಿಯನ್ನು ಮಂಚದ ಕೆಳಗೆ ತಳ್ಳಿ, ಅಂಗಡಿಯ ಹುಲಿಚಿತ್ರದ ರಗ್ಗನ್ನು ಮೇಲೆ ಹಾಸಿದವನು. ಅಂಥವನಿಗೆ ಸಂಗ್ರಹಾಲಯದವರನ್ನು ಆಕ್ಷೇಪಿಸುವ ಹಕ್ಕಿಲ್ಲ. ಆದರೂ ಒಂದು ಮಾತು. ಪೆಟ್‌ವೇ ಆ ಕೌದಿಯನ್ನು ಹೊಲಿದದ್ದು ಹೊದೆದು ಮಲಗುವುದಕ್ಕೆ. ಗೋಡೆಗೆ ಬೇಕಾದವರು ಹೊಸದಾಗಿ ಹೊಲಿಸಿಕೊಳ್ಳಲಿ, ತಕ್ಕ ಬೆಲೆ ಕೊಡಲಿ. ಸಿದ್ದಿ ಹೆಣ್ಣುಮಕ್ಕಳು ಈಗ ಮಾರಾಟಕ್ಕೂ ಹೊಲಿಯುತ್ತಾರೆ. ನಮ್ಮ ಮನೆಯ ಕೌದಿ ಗೋಡೆ ಏರಿದರೆ ಅದನ್ನು ದಸರೆಗೆ ಯಾರು ಯಾರಿಗೆ ಒಗೆದು ಕೊಡುವುದು? ಗಾಜಿನ ಎರಡು ತುದಿ ಹಿಡಿದು ಹಿಂಡುವುದಾಗುತ್ತದೆಯೇ? ತಂದೆಯವರಿಗೂ ಚಿಕ್ಕಪ್ಪನಿಗೂ ಈಗ ಮಾತು ಚೆನ್ನಾಗಿಯೇ ಇದೆ, ನಿಜ. ಆದರೆ ಅವರ ಮಕ್ಕಳಾದ ನಾವು ಒಬ್ಬರ ಮನೆಗೊಬ್ಬರು ಹೋಗುವುದು ವರ್ಷಕ್ಕೆ ಎಷ್ಟು ಸಲ? ನಾನು ಲೆಕ್ಕ ಹಾಕಿದೆ. ಕೌದಿಯ ಸಲುವಾಗಿ ಹೋದದ್ದನ್ನು ಬಿಟ್ಟರೆ ಕಳೆದ ವರ್ಷ ಒಂದೇ ಸಲ, ಅದೂ ಒಂದು ಮದುವೆಯ ಪತ್ರಿಕೆ ಕೊಡಲು.

ಅಂಗಿ ಮುಚ್ಚಿಹೋಗುತ್ತದೆ ಎಂಬ ಚಿಕ್ಕಮ್ಮನ ಮಾತಿಗೆ ಮಾತ್ರ ನನ್ನಲ್ಲಿ ಬಹಳ ದಿನ ಉತ್ತರವಿರಲಿಲ್ಲ. ಒಂದು ದಿನ ಸವೆದು ಹೋದ ಕಡೆಯಲ್ಲಿ ಬೆರಳಿಟ್ಟು ನೋಡಿದೆ. ನೀಲಿ ಅಂಗಿಯ ಅಡಿಯಲ್ಲಿ ಇನ್ನೊಂದು ಬಟ್ಟೆ, ಕೆಂಪು ಚೌಕಳಿಯದು, ನಾವು ಯಾರೂ ಎಂದೂ ಕಾಣದ್ದು. ತಂದೆಯವರನ್ನು ಕೇಳಿದರೆ, ಅದು ಅವರ ಅಜ್ಜಿಯ ಕೌದಿಯಂತೆ. ಅಂದರೆ ನಮ್ಮ ಅಜ್ಜಿಯೂ ತನ್ನ ಅತ್ತೆಯ ಕೌದಿಯ ಮೇಲೆಯೇ ಪದರ ಹಾಕಿದ್ದಳು, ಮುಚ್ಚಿತೆಂದು ಅಳಲಿಲ್ಲ. ನಾವು ಇಷ್ಟು ವರ್ಷ ಅದನ್ನೂ ಹೊದೆದು ಮಲಗಿದ್ದೆವು.

ಇನ್ನು ಹೊಸ ಪದರಕ್ಕೆ ಬಟ್ಟೆ. ಇಲ್ಲೊಂದು ತಮಾಷೆಯಿದೆ. ಹತ್ತಿ ಗಿರಣಿಗಳ ಊರೆಂದು ಹೆಸರಾಗಿದ್ದ ದಾವಣಗೆರೆಯ ನಮ್ಮ ಮನೆಯ ಬೀರುವಿನಲ್ಲಿ ಹತ್ತಿಯ ಹಳೆ ಸೀರೆ ಒಂದೂ ಸಿಕ್ಕಲಿಲ್ಲ. ಎಲ್ಲ ಪಾಲಿಯೆಸ್ಟರು. ಅದು ಸೂಜಿಯಡಿ ಜಾರುತ್ತದೆ, ಬೆವರು ಹೀರುವುದಿಲ್ಲ, ಎಷ್ಟು ವರ್ಷ ಉಟ್ಟರೂ ಮೆತ್ತಗಾಗುವುದಿಲ್ಲ. ಕೌದಿ ಕಡಿಮೆಯಾದದ್ದಕ್ಕೆ ಜನರ ನಾಚಿಕೆಯಷ್ಟೇ ಈ ಬಟ್ಟೆಯೂ ಕಾರಣವೆಂದು ನನ್ನ ಊಹೆ. ತಂದೆಯವರ ನಾಲ್ಕು ಲುಂಗಿ, ನನ್ನ ಎರಡು ಹಳೆ ಅಂಗಿ ಹೊಂದಿದವು. ಚಿಕ್ಕಪ್ಪ ತಮ್ಮ ಲೇತ್ ಅಂಗಡಿಯ ಖಾಕಿ ಅಂಗಿ ಕೊಡುವುದಾಗಿ ಹೇಳಿದ್ದಾರೆ. ಎಣ್ಣೆಯ ಕಲೆ ಹೋಗುವುದಿಲ್ಲ, ಪರವಾಗಿಲ್ಲವೇ ಎಂದು ಕೇಳಿದರು.

ಹೊಲಿಯುವುದು ನಮ್ಮಲ್ಲಿ ಯಾರಿಗೂ ಅಜ್ಜಿಯಷ್ಟು ಬಾರದು. ಬೀದಿಯಲ್ಲಿ ಕೌದಿ ಹೊಲಿಸುತ್ತೀರಾ ಎಂದು ಕೂಗಿಕೊಂಡು ಬಂದ ಹೆಂಗಸನ್ನು ಅವ್ವ ಕರೆದಳು. ಆಕೆ ಕೌದಿಯನ್ನು ಹಾಸಿ, ಅಂಗೈಯಿಂದ ಸವರಿ ನೋಡಿ, ಹತ್ತು ದಿನದ ಕೆಲಸವೆಂದು 1,200 ರೂಪಾಯಿ ಕೇಳಿದಳು. “ಹಳೇ ಬಟ್ಟೆಗೆ ಅಷ್ಟಾ?” ಎಂದು ಅವ್ವ ಅಭ್ಯಾಸಬಲದಿಂದ ಅಂದುಬಿಟ್ಟಳು. ಒಂದು ದಿನಕ್ಕೆ 120 ರೂಪಾಯಿ. ನಮ್ಮ ಊರಿನಲ್ಲಿ ಇಬ್ಬರು ಬೆಣ್ಣೆದೋಸೆ ತಿಂದು ಕಾಫಿ ಕುಡಿದರೆ ಅಷ್ಟಾಗುತ್ತದೆ. ಕೌದಿಯ ಮೇಲೆ ಇಷ್ಟೊಂದು ಅಭಿಮಾನದ ಮಾತಾಡುವ ಮನೆಯವರು ಅದನ್ನು ಹೊಲಿಯುವ ಕೈಯ ಹತ್ತಿರ ಚೌಕಾಸಿ ಮಾಡಿದ್ದು ನನಗೆ ಸರಿಕಾಣಲಿಲ್ಲ, ಎದುರಿಗೇ ಹೇಳಿದೆ. ಈ ಒಂದು ಸಲ ಮಾತ್ರ ಯಾರೂ ತಡೆಯಲಿಲ್ಲ. ಅವ್ವ 2,000 ಕೊಡಲು ಒಪ್ಪಿದಳು, ಅಂಚಿನ ಎರಡು ಸಾಲು ಹೊಲಿಯುವುದನ್ನು ನನಗೆ ಕಲಿಸಬೇಕೆಂಬ ಕರಾರಿನ ಮೇಲೆ.

ಬರುವ ಭಾನುವಾರ ಚಿಕ್ಕಪ್ಪ, ಚಿಕ್ಕಮ್ಮ ಖಾಕಿ ಅಂಗಿ ತೆಗೆದುಕೊಂಡು ಬರುತ್ತಾರೆ. ಬೆಂಗಳೂರಿನ ಅಕ್ಕ ಮುನಿಸಿಕೊಂಡೇ ಆದರೂ ತನ್ನ ಹಳೆಯ ಹತ್ತಿ ದುಪಟ್ಟಾ ಒಂದನ್ನು ಅಂಚೆಯಲ್ಲಿ ಕಳಿಸಿದ್ದಾಳೆ. ಅಜ್ಜನ ಗುಂಡಿಗಳ ಡಬ್ಬಿಯೂ ಸಿಕ್ಕಿದೆ, ಅದನ್ನೇನು ಮಾಡುವುದೋ ತಿಳಿಯದೆ ಹಾಗೆಯೇ ಇಟ್ಟಿದ್ದೇವೆ. ಕೊನೆಯ ತುಂಡಿನಡಿ ರೊಟ್ಟಿಯ ಚೂರು ಇಡುವ ವಿಷಯ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಇರುವೆ ಬರುತ್ತವೆಂದು ಚಿಕ್ಕಮ್ಮ. ಇಷ್ಟು ವರ್ಷ ಬಂದಿಲ್ಲವಲ್ಲ ಎಂದು ಅವ್ವ.